ಆಯ್ಕೆಪಟ್ಟಿಯಲ್ಲಿ ಮೊದಲು ಯಾವುದು?

ಜೆಇಇ ರ‍್ಯಾಂಕ್ ಬಂದಾಗ ನಾಗಪುರದ ಕನ್ನಡ ಮನೆಯಲ್ಲಿ ಈ ಪ್ರಶ್ನೆ ಏಳುವುದು ಸಹಜ: ಇಲ್ಲಿನ ವಿಎನ್‌ಐಟಿಯೋ, ಸುರತ್ಕಲ್‌ನ ಎನ್‌ಐಟಿಕೆಯೋ? ಎನ್‌ಐಟಿಗಳಲ್ಲಿ ಅರ್ಧ ಸೀಟು ಸ್ವಂತ ರಾಜ್ಯದವರಿಗೆ. ಆ ರಾಜ್ಯವನ್ನು ತೀರ್ಮಾನಿಸುವುದು ಮಾತೃಭಾಷೆಯಲ್ಲ, 12ನೇ ತರಗತಿ ಪಾಸಾದ ಜಾಗ. ನಾಗಪುರದಲ್ಲಿ ಓದಿದವರಿಗೆ ವಿಎನ್‌ಐಟಿಯಲ್ಲಿ ಆ ಕೋಟಾ ಉಂಟು. ಸುರತ್ಕಲ್‌ನಲ್ಲಿ ಅವರು ಹೊರರಾಜ್ಯದವರು.

ಹಾಗಾದರೆ ಸುರತ್ಕಲ್ ಮೊದಲು ಬರೆದರೆ ವಿಎನ್‌ಐಟಿ ಕೈತಪ್ಪುವುದೇ? ಇಲ್ಲ. ಸೀಟು ಹಂಚುವ ಜೋಸಾ ನಿಮ್ಮ ಆಯ್ಕೆಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತದೆ. ಮೊದಲನೆಯದು ಸಿಗದಿದ್ದರೆ ಎರಡನೆಯದಕ್ಕೆ ನಿಮ್ಮ ರ‍್ಯಾಂಕಿನ ಹಕ್ಕು ಹಾಗೇ ಇರುತ್ತದೆ. ಆದ್ದರಿಂದ ಕಟ್‌ಆಫ್ ಊಹಿಸಿ ಹೆದರಬೇಡಿ, ಇಷ್ಟದ ಕ್ರಮದಲ್ಲೇ ಬರೆಯಿರಿ. ಖರ್ಚು, ದೂರ, ಬ್ರಾಂಚ್ ಎಲ್ಲದರ ಮಾತು ಪಟ್ಟಿ ಲಾಕ್ ಮಾಡುವ ಮೊದಲೇ ಮುಗಿಯಲಿ. ನಾಲ್ಕು ವರ್ಷ ಓದಬೇಕಾದ ಮಗುವಿನ ಮಾತೇ ಕೊನೆಯ ಮಾತಾಗಲಿ.