ಡಾನ್ಸ್ ಬಾರ್ ಕಾಯದೆ: ಚಿಕ್ಕವರಿಗೊಂದು, ದೊಡ್ಡವರಿಗೊಂದು

ಈಚೆಗೆ ಕನ್ನಡ ಶಾಲೆಯೊಂದರ ಪಾಲಕರ ಸಭೆಯಲ್ಲಿ ಮೂಲಭೂತ ಹಕ್ಕುಗಳ ಕುರಿತು ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದರು. ಭಾಷಣ ಮುಗಿದ ಮೇಲೆ ತಾಯಿಯೊಬ್ಬರು ಎದ್ದು ನಿಂತರು. "ವಕೀಲರೆ, ಸರಕಾರ ಮುಚ್ಚಿಸಿದ ಡಾನ್ಸ್ ಬಾರುಗಳನ್ನ ಕೋರ್ಟು ಮತ್ತೆ ತೆರೀರಿ ಅಂತು. ಇದು ಯಾವ ನ್ಯಾಯರೀ?" ಸಭೆ ಚಪ್ಪಾಳೆ ತಟ್ಟಿತು. ಅಂದು ಸಮಯ ಸಾಲದೆ ಅರ್ಧ ಉತ್ತರ ಹೇಳಿ ಬಂದೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವು ವಾಸಿಸುವ ಮಹಾರಾಷ್ಟ್ರ ರಾಜ್ಯದಲ್ಲಿ 2005ರಲ್ಲಿ ಮುಂಬಯಿ ಪೊಲೀಸ್ ಕಾಯದೆಗೆ 33ಎ ಮತ್ತು 33ಬಿ ಎಂಬ ಎರಡು ಕಲಮುಗಳನ್ನು ಸೇರಿಸಲಾಯಿತು. ಆಗ ಗೃಹಖಾತೆ ಆರ್. ಆರ್. ಪಾಟೀಲರ ಕೈಯಲ್ಲಿತ್ತು. ಅಶ್ಲೀಲ ನೃತ್ಯದಿಂದ ಯುವಕರು ಕೆಡುತ್ತಿದ್ದಾರೆ, ಸಂಸಾರಗಳು ಒಡೆಯುತ್ತಿವೆ, ಸ್ತ್ರೀಯರ ಶೋಷಣೆಯಾಗುತ್ತಿದೆ ಎಂಬುದು ಸರಕಾರ ಕೊಟ್ಟ ಕಾರಣ. ಕಾರಣದಲ್ಲಿ ಹುರುಳಿಲ್ಲವೆಂದು ಹೇಳುವವನು ನಾನಲ್ಲ. ಆದರೆ ಕಾಯದೆಯನ್ನು ಅದರ ಪೀಠಿಕೆಯಿಂದಷ್ಟೇ ಅಳೆಯಲಾಗದು; ಕಲಮುಗಳನ್ನು ಓದಬೇಕು.

33ಎ ಕಲಮು ಉಪಾಹಾರಗೃಹ, ಪರ್ಮಿಟ್ ರೂಮ್ ಹಾಗೂ ಬಿಯರ್ ಬಾರುಗಳಲ್ಲಿ ನೃತ್ಯವನ್ನು ಸಂಪೂರ್ಣ ನಿಷೇಧಿಸಿತು. ತಪ್ಪಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿಯವರೆಗೆ ದಂಡ. ಮರುಕಲಮಾದ 33ಬಿಯು ಕೆಲವರನ್ನು ಈ ನಿಷೇಧದಿಂದ ಹೊರಗಿರಿಸಿತು: ನಾಟಕ ಹಾಗೂ ಚಿತ್ರಮಂದಿರಗಳು, ಸದಸ್ಯರಿಗಷ್ಟೇ ಪ್ರವೇಶವಿರುವ ಕ್ಲಬ್ಬು, ಜಿಮಖಾನಾಗಳು, ಮೂರು ನಕ್ಷತ್ರ ಮತ್ತು ಅದಕ್ಕೂ ಮೇಲ್ದರ್ಜೆಯ ಹೊಟೇಲುಗಳು. ಅಂದರೆ, ಅದೇ ಹಾಡು, ಅದೇ ಕುಣಿತ ಚಿಕ್ಕ ಬಾರಿನಲ್ಲಿ ನಡೆದರೆ ಅಪರಾಧ. ನಕ್ಷತ್ರದ ಹೊಟೇಲಿನಲ್ಲಿ ನಡೆದರೆ ಮನೋರಂಜನೆ.

ಪೆಟ್ಟು ಬಿದ್ದುದು ಯಾರಿಗೆ? ದೊಡ್ಡ ಹೊಟೇಲಿಗೆ ಕೋಣೆಗಳ ಬಾಡಿಗೆಯುಂಟು, ಮದುವೆ ಆರತಕ್ಷತೆಗಳ ಆದಾಯವುಂಟು. ಕಾಯದೆ ಅದನ್ನು ಮುಟ್ಟಲೇ ಇಲ್ಲ. ಒಂದೇ ಮಳಿಗೆಯನ್ನು ಬಾಡಿಗೆಗೆ ಹಿಡಿದ ಚಿಕ್ಕ ಮಾಲೀಕನಿಗೆ ಗಿರಾಕಿ ತಪ್ಪಿದರೆ ಬೇರೆ ದಾರಿಯಿಲ್ಲ. ಮುಂಬಯಿಯ ಹೊಟೇಲು ಉದ್ಯಮದಲ್ಲಿ ಉಡುಪಿ, ದಕ್ಷಿಣ ಕನ್ನಡಗಳಿಂದ ಹೋದ ನಮ್ಮವರು ಬಹಳ ಮಂದಿಯಿದ್ದಾರೆಂಬುದು ವಾಚಕರಿಗೆ ತಿಳಿದದ್ದೇ. ಮಾಲೀಕನಿಗಿಂತ ಹೆಚ್ಚು ನೊಂದವರು ಕೆಲಸದವರು. ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಸ್ತ್ರೀಯರು ಉದ್ಯೋಗ ಕಳೆದುಕೊಂಡರೆಂಬ ಅಂಕಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಲ್ಲಿದೆ. ಅವರಲ್ಲಿ ಅನೇಕರ ದುಡಿಮೆಯಿಂದಲೇ ಅವರ ಮನೆಗಳು ನಡೆಯುತ್ತಿದ್ದವು.

ಮುಂಬಯಿ ಉಚ್ಚ ನ್ಯಾಯಾಲಯವು 2006ರ ಏಪ್ರಿಲ್ 12ರಂದು ಈ ಕಲಮುಗಳನ್ನು ಅಸಾಂವಿಧಾನಿಕವೆಂದು ಸಾರಿತು. ಸಮಾನತೆಯ 14ನೆಯ ಅನುಚ್ಛೇದಕ್ಕೂ ಉದ್ಯೋಗ ಸ್ವಾತಂತ್ರ್ಯದ 19(1)(ಜಿ) ಅನುಚ್ಛೇದಕ್ಕೂ ಅವು ವಿರುದ್ಧವಾಗಿದ್ದವು. ಸರಕಾರ ಮೇಲ್ಮನವಿ ಸಲ್ಲಿಸಿತು; ತೀರ್ಪಿಗೆ ತಡೆ ಬಿದ್ದುದರಿಂದ ಬಾಗಿಲುಗಳು ಮುಚ್ಚಿಯೇ ಉಳಿದವು. 2013ರ ಜುಲೈ 16ರಂದು ಸರ್ವೋಚ್ಚ ನ್ಯಾಯಾಲಯ ಉಚ್ಚ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿಯಿತು. ಶ್ರೀಮಂತರ ಹೊಟೇಲಿಗೆ ಬರುವವರ ನೀತಿ ಗಟ್ಟಿ, ಬಡವರ ಬಾರಿಗೆ ಬರುವವರ ನೀತಿ ಸಡಿಲು ಎಂಬ ಸರಕಾರದ ಊಹೆಗೆ ಆಧಾರವಿಲ್ಲವೆಂದಿತು. ನಿಷೇಧದಿಂದಾಗಿ ಎಷ್ಟೋ ಸ್ತ್ರೀಯರು ನಿರುಪಾಯರಾಗಿ ವೇಶ್ಯಾವೃತ್ತಿಗೆ ಇಳಿಯಬೇಕಾಯಿತೆಂದೂ ಗುರುತಿಸಿತು. ಶೋಷಣೆಯನ್ನು ತಡೆಯಲೆಂದು ಬಂದ ಕಾಯದೆ ಅದಕ್ಕಿಂತ ಕಠೋರವಾದ ಶೋಷಣೆಗೆ ದಾರಿಯಾಯಿತು.

ಸರಕಾರ ಸುಮ್ಮನಾಗಲಿಲ್ಲ. 2014ರಲ್ಲಿ ನಕ್ಷತ್ರದ ಹೊಟೇಲುಗಳನ್ನೂ ಸೇರಿಸಿ ಮತ್ತೆ ನಿಷೇಧ ತಂದಿತು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೂ ತಡೆಯಾಜ್ಞೆ ಕೊಟ್ಟಿತು. 2016ರಲ್ಲಿ ಬಂದ ಹೊಸ ಕಾಯದೆಯಲ್ಲಿ ನಿಷೇಧದ ಬದಲು ಲೈಸೆನ್ಸಿನ ಷರತ್ತುಗಳಿದ್ದವು. ಶಾಲೆ, ಕಾಲೇಜು, ಪೂಜಾಸ್ಥಳಗಳಿಂದ ಒಂದು ಕಿಲೋಮೀಟರು ದೂರವಿರಬೇಕು. ನೃತ್ಯದ ಸ್ಥಳಕ್ಕೂ ಊಟದ ಸ್ಥಳಕ್ಕೂ ನಡುವೆ ಶಾಶ್ವತ ಗೋಡೆ ಬೇಕು. ಎಲ್ಲೆಡೆ ಸಿಸಿಟಿವಿ ಕ್ಯಾಮೆರಾ ಬೇಕು. ಮುಂಬಯಿಯಂಥ ನಗರದಲ್ಲಿ ಶಾಲೆಯೂ ಗುಡಿಯೂ ಇಲ್ಲದ ಒಂದು ಕಿಲೋಮೀಟರನ್ನು ಎಲ್ಲಿ ಹುಡುಕುವುದು? ಇಕ್ಕಟ್ಟಾದ ಒಂದೇ ಕೋಣೆಯಲ್ಲಿ ಗೋಡೆ ಎಬ್ಬಿಸಿದರೆ ಗಿರಾಕಿ ಕೂಡುವುದೆಲ್ಲಿ? ವಿಶಾಲ ಕಟ್ಟಡವಿದ್ದವನು ಗೋಡೆಯನ್ನಾದರೂ ಕಟ್ಟಿಸಿಯಾನು, ಚಿಕ್ಕವನಿಗೆ ಅದೂ ಸಾಧ್ಯವಿಲ್ಲ. 2005ರಿಂದೀಚೆಗೆ ಒಬ್ಬರಿಗೂ ಲೈಸೆನ್ಸು ದೊರೆತಿಲ್ಲವೆಂಬುದನ್ನು 2019ರ ಜನವರಿ 17ರ ತೀರ್ಪಿನಲ್ಲಿ ನ್ಯಾಯಾಲಯವೇ ಗಮನಿಸಿ, ಈ ಮೂರೂ ಷರತ್ತುಗಳನ್ನು ತೆಗೆದುಹಾಕಿತು.

ಆ ತಾಯಿಗೆ ಅಂದು ಹೇಳದೆ ಉಳಿದದ್ದು ಮುಖ್ಯವಾಗಿ ಇದು: ನ್ಯಾಯಾಲಯ ಎಲ್ಲ ನಿರ್ಬಂಧಗಳನ್ನೂ ಕಿತ್ತೊಗೆಯಲಿಲ್ಲ. ಸಂಜೆ ಆರರಿಂದ ರಾತ್ರಿ ಹನ್ನೊಂದೂವರೆಯವರೆಗೆ ಮಾತ್ರ ಎಂಬ ವೇಳೆ ಉಳಿಯಿತು. ಅಶ್ಲೀಲ ನೃತ್ಯ ಅಪರಾಧವಾಗಿಯೇ ಉಳಿಯಿತು. ಕುಣಿಯುವವರ ಮೇಲೆ ನೋಟು ತೂರುವುದಕ್ಕೆ ಅಡ್ಡಿಯೂ ಉಳಿಯಿತು. ಇವು ನಡತೆಗೆ ಹಾಕಿದ ಕಡಿವಾಣ. ಚಿಕ್ಕವರಿಗೂ ದೊಡ್ಡವರಿಗೂ ಒಂದೇ.

ಇದೇ ದಾರಿಯಲ್ಲಿ ಇನ್ನೊಂದು ತೀರ್ಪು 2022ರ ಫೆಬ್ರವರಿಯಲ್ಲಿ ಬಂತು. ಆರ್ಕೆಸ್ಟ್ರಾ ಬಾರಿನ ವೇದಿಕೆಯ ಮೇಲೆ ನಾಲ್ವರು ಸ್ತ್ರೀಯರು, ನಾಲ್ವರು ಪುರುಷರು, ಇಷ್ಟೇ ಇರಬೇಕೆಂಬ ಷರತ್ತನ್ನು ಹೊಟೇಲೊಂದರ ಮಾಲೀಕರು ಪ್ರಶ್ನಿಸಿದ್ದರು. ಒಟ್ಟು ಎಂಟು ಜನರ ಮಿತಿ ಇರಲಿ, ಅದರಲ್ಲಿ ಸ್ತ್ರೀಯರೆಷ್ಟು ಪುರುಷರೆಷ್ಟು ಎಂದು ಸರಕಾರ ಗೊತ್ತುಮಾಡಕೂಡದು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ರಕ್ಷಣೆಯ ಹೆಸರಿನಲ್ಲಿ ಸ್ತ್ರೀಯರ ಕೆಲಸವನ್ನೇ ಕಸಿಯುವುದು ಅದಕ್ಕೆ ಒಪ್ಪಿಗೆಯಾಗಲಿಲ್ಲ.

ನಾನೂ ಶಾಲೆಗೆ ಹೋಗುವ ಮಕ್ಕಳ ತಂದೆ. ಶಾಲೆಯ ಗೇಟಿನೆದುರು ಬಾರು ಬೇಡವೆಂದು ಅರ್ಜಿ ಬರೆದರೆ ಮೊದಲ ಸಹಿ ನನ್ನದೇ. ಆದರೆ ನಮ್ಮ ಮಕ್ಕಳ ಹೆಸರು ಹೇಳಿ ಕಾಯದೆಯೊಂದು ಬಂದಾಗ ಪಾಲಕರು ಕೇಳಬೇಕಾದ ಪ್ರಶ್ನೆಗಳುಂಟು. ಇದು ತಡೆಯುವುದು ಕೆಟ್ಟ ನಡತೆಯನ್ನೋ, ಚಿಕ್ಕ ಅಂಗಡಿಯನ್ನೋ? ಹಣವಿದ್ದವನಿಗೆ ಹಿಂಬಾಗಿಲು ತೆರೆದಿದೆಯೆ? ಕೆಲಸ ಹೋದವರಿಗೆ ನಾಳೆಯ ಅನ್ನಕ್ಕೆ ಏನು ಏರ್ಪಾಡು? 2013ರ ತೀರ್ಪಿಗೆ ತಮ್ಮ ಮಾತು ಕೂಡಿಸಿದ ಮುಖ್ಯ ನ್ಯಾಯಮೂರ್ತಿ ಅಲ್ತಮಸ್ ಕಬೀರರು ಒತ್ತಿ ಹೇಳಿದ್ದು ಈ ಕೊನೆಯದನ್ನೇ: ಆ ಸ್ತ್ರೀಯರ ಪುನರ್ವಸತಿಯನ್ನು.

ಬಾರು ಮುಚ್ಚಿದ ರಾತ್ರಿ ಮನೆಗೆ ಮರಳಿದ ಆ ಸ್ತ್ರೀಯರಲ್ಲಿ ತಾಯಂದಿರೂ ಇದ್ದರು. ಮರುದಿನ ತಮ್ಮ ಮಕ್ಕಳ ಶಾಲೆಯ ಫೀಸು, ಪಾಟಿಚೀಲ, ಮಧ್ಯಾಹ್ನದ ಬುತ್ತಿ ಹೇಗೆಂಬ ಚಿಂತೆ ಅವರಿಗೂ ಇತ್ತು. ಸಭೆಯಲ್ಲಿ ಎದ್ದು ನಿಂತು ಕೇಳಿದ ತಾಯಿಗೆ ಈ ಮಾತು ನನಗಿಂತ ಚೆನ್ನಾಗಿ ಅರ್ಥವಾದೀತೆಂದು ನಂಬಿದ್ದೇನೆ.