ಕಾಡಿನ ಇಂಗಾಲ: ತಕ್ಕಡಿಗೆ ಹಾಕದೆ ಹೇಳುವ ತೂಕ ಎಷ್ಟು ಸರಿ?

ಉಷ್ಣವಲಯದ ಕಾಡುಗಳು ಗಾಳಿಯಲ್ಲಿರುವ ಇಂಗಾಲವನ್ನು ಹೀರಿಕೊಂಡು ಮರಗಳಲ್ಲಿ ಕೂಡಿಡುತ್ತವೆ ಎಂಬುದನ್ನು ನಾವೆಲ್ಲರೂ ಕೇಳಿದ್ದೇವೆ. ಇಂತಿಷ್ಟು ಹೆಕ್ಟೇರ್ ಕಾಡಿನಲ್ಲಿ ಇಂತಿಷ್ಟು ಟನ್ ಇಂಗಾಲವಿದೆ ಎಂಬ ಅಂಕೆಗಳೂ ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಆದರೆ ನಿಂತಿರುವ ಕಾಡನ್ನು ತಕ್ಕಡಿಗೆ ಹಾಕಿದವರು ಯಾರು? ಕಾಡನ್ನು ಕಡಿಯದೆ ಉಳಿಸಿದ್ದಕ್ಕಾಗಿ ಇಂಗಾಲದ ಲೆಕ್ಕದಲ್ಲಿ ಹಣ ಕೈಬದಲಾಗುತ್ತಿರುವ ಇಂದಿನ ದಿನಗಳಲ್ಲಿ ಈ ಪ್ರಶ್ನೆಗೆ ಮಹತ್ವವಿದೆ.

ಲೆಕ್ಕ ಹಾಕುವ ಬಗೆ

ಪನಾಮಾ ದೇಶದ ಬಾರೊ ಕೊಲರಾಡೊ ದ್ವೀಪವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪನಾಮಾ ಕಾಲುವೆಗಾಗಿ ನದಿಗೆ ಅಣೆಕಟ್ಟು ಕಟ್ಟಿದಾಗ ನೀರಿನ ನಡುವೆ ಉಳಿದ ಬೆಟ್ಟವೇ ಈ ದ್ವೀಪ. ಇಲ್ಲಿನ 50 ಹೆಕ್ಟೇರ್ ಕಾಡಿನಲ್ಲಿ 1 ಸೆಂಟಿಮೀಟರಿಗಿಂತ ದಪ್ಪವಿರುವ ಪ್ರತಿಯೊಂದು ಗಿಡಮರವನ್ನೂ 1980ರ ದಶಕದಿಂದ ಮತ್ತೆ ಮತ್ತೆ ಅಳೆಯಲಾಗುತ್ತಿದೆ. ಜಗತ್ತಿನಲ್ಲಿ ಇಷ್ಟು ಶ್ರದ್ಧೆಯಿಂದ ಅಳೆಯಲಾದ ಕಾಡುಗಳು ಬಹಳ ಕಡಿಮೆ.

ಅಳೆಯುವುದು ತೂಕವನ್ನಲ್ಲ, ನೆಲದಿಂದ 1.3 ಮೀಟರ್ ಎತ್ತರದಲ್ಲಿ ಕಾಂಡದ ದಪ್ಪವನ್ನು. ಅದಕ್ಕೆ ಮರದ ಎತ್ತರ ಮತ್ತು ಕಟ್ಟಿಗೆಯ ಸಾಂದ್ರತೆಯನ್ನು ಸೇರಿಸಿ, ಒಂದು ಸೂತ್ರದ ಮೂಲಕ ಒಣ ತೂಕವನ್ನು, ಅಂದರೆ ಬಯೋಮಾಸ್ ಅನ್ನು ಕಂಡುಹಿಡಿಯಲಾಗುತ್ತದೆ. ಸಾಂದ್ರತೆಯನ್ನು ಯಾಕೆ ಸೇರಿಸಬೇಕು ಎಂಬುದು ನಮ್ಮವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಒಂದೇ ಗಾತ್ರದ ಬೂರುಗದ ದಿಮ್ಮಿಯೂ ಬೋಗಿಯ ದಿಮ್ಮಿಯೂ ಒಂದೇ ತೂಕ ಬರುವುದಿಲ್ಲವಷ್ಟೆ.

ಹೀಗೆ ಲೆಕ್ಕ ಹಾಕಿದ ಜೆರೋಮ್ ಶಾವ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಂಕೆ ಹೆಕ್ಟೇರಿಗೆ 281 ಟನ್. ಅದರ ಜೊತೆಗೆ, 20 ಟನ್ ಹೆಚ್ಚು ಅಥವಾ ಕಡಿಮೆ ಇರಬಹುದು ಎಂದೂ ಅವರು ಬರೆದರು. ಒಣ ತೂಕದಲ್ಲಿ ಇಂಗಾಲದ ಪಾಲು ಸುಮಾರು ನೂರಕ್ಕೆ 47. ಆ ಪ್ರಕಾರ ಇದು ಸುಮಾರು 132 ಟನ್ ಇಂಗಾಲ. 9 ಟನ್ ಆಚೀಚೆ.

ಎರಡು ಬಗೆಯ ತಪ್ಪುಗಳು

ಇಲ್ಲಿ ಗಮನಿಸಬೇಕಾದ ಮುಖ್ಯ ವಿಷಯವೊಂದಿದೆ. ಮೀನು ಮಾರುಕಟ್ಟೆಯಲ್ಲಿ ತೂಗುವಾಗ ಕೈ ಅಲುಗಿ ಒಬ್ಬರಿಗೆ ಸ್ವಲ್ಪ ಹೆಚ್ಚು, ಇನ್ನೊಬ್ಬರಿಗೆ ಸ್ವಲ್ಪ ಕಡಿಮೆ ಹೋದರೆ ದಿನದ ಒಟ್ಟು ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಸರಿಹೋಗುತ್ತದೆ. ಆದರೆ ತೂಕದ ಕಲ್ಲೇ ಸವೆದಿದ್ದರೆ? ಎಷ್ಟು ಸಲ ತೂಗಿದರೂ ತಪ್ಪು ಒಂದೇ ದಿಕ್ಕಿಗೆ ಬೆಳೆಯುತ್ತಾ ಹೋಗುತ್ತದೆ.

ಕಾಡಿನ ಲೆಕ್ಕದಲ್ಲೂ ಹೀಗೆಯೇ. ಟೇಪು ಹಿಡಿಯುವಾಗ ಆಗುವ ಸಣ್ಣ ತಪ್ಪುಗಳು ಸಾವಿರಾರು ಮರಗಳ ನಡುವೆ ಒಂದನ್ನೊಂದು ಸರಿದೂಗಿಸುತ್ತವೆ. ಸೂತ್ರದ ತಪ್ಪು ಸವೆದ ಕಲ್ಲಿನಂತೆ. ಅದು ಪ್ರತಿಯೊಂದು ಮರಕ್ಕೂ ತಗಲುತ್ತದೆ. ಬಾರೊ ಕೊಲರಾಡೊದ ತಪ್ಪುಗಳನ್ನು 2004ರಲ್ಲಿ ಬಿಡಿಸಿ ನೋಡಿದಾಗ, ಎಲ್ಲಕ್ಕಿಂತ ದೊಡ್ಡದು ಸೂತ್ರದ ಆಯ್ಕೆಯಿಂದ ಬರುವ ತಪ್ಪೇ ಎಂದು ತಿಳಿದುಬಂತು.

ಸೂತ್ರ ಹುಟ್ಟುವುದು ಮರಗಳನ್ನು ನಿಜವಾಗಿ ಕಡಿದು, ತೂಗಿ, ತುಂಡುಗಳನ್ನು ಒಣಗಿಸಿ ನೋಡುವುದರಿಂದ. 2014ರಲ್ಲಿ ಬಂದ, ಈಗ ವ್ಯಾಪಕವಾಗಿ ಬಳಕೆಯಲ್ಲಿರುವ ಸೂತ್ರಕ್ಕೆ 58 ಸ್ಥಳಗಳ 4,004 ಮರಗಳೇ ಆಧಾರ. ಇವುಗಳಲ್ಲಿ ದೈತ್ಯ ಮರಗಳು ಕಡಿಮೆ, ಏಕೆಂದರೆ ಅವುಗಳನ್ನು ತೂಗುವುದು ಬಹಳ ಕಷ್ಟ. ಆದರೆ ಬಾರೊ ಕೊಲರಾಡೊದಲ್ಲಿ ಒಟ್ಟು ತೂಕದ ಮೂರನೇ ಒಂದು ಭಾಗ 70 ಸೆಂಟಿಮೀಟರಿಗಿಂತ ದಪ್ಪದ ಮರಗಳಲ್ಲೇ ಇದೆ. ಹೆಚ್ಚು ಇಂಗಾಲ ಇರುವಲ್ಲಿಯೇ ನಮ್ಮ ತಿಳಿವಳಿಕೆ ಕಡಿಮೆ ಎಂದಾಯಿತು.

ಅಳೆಯುವ ಜಾಗದ ಪ್ರಶ್ನೆಯೂ ಇದೆ. ಕಾಲು ಹೆಕ್ಟೇರಿನ ತುಣುಕಿನಲ್ಲಿ ಒಂದು ದೊಡ್ಡ ಮರವಿದ್ದರೆ ಅಂಕೆ ಮೇಲೇರುತ್ತದೆ, ಅದು ಬಿದ್ದುಹೋಗಿದ್ದರೆ ಇಳಿಯುತ್ತದೆ. ಅಂತಹ ತುಣುಕನ್ನು ನೋಡಿ ಇಡೀ ಕಾಡಿನ ಬಗ್ಗೆ ತೀರ್ಪು ಕೊಡಲಾಗದು.

ಆಕಾಶದಿಂದ ನೋಡಿದರೆ?

ಉಪಗ್ರಹಗಳೂ ಮರವನ್ನು ತೂಗುವುದಿಲ್ಲ. ಅವು ಕಾಡಿನ ಎತ್ತರವನ್ನೋ ರೇಡಾರ್ ಅಲೆಗಳ ಮರುದನಿಯನ್ನೋ ದಾಖಲಿಸುತ್ತವೆ. ಅದನ್ನು ತೂಕಕ್ಕೆ ತಿರುಗಿಸಲು ನೆಲದ ಮೇಲಿನ ಅಳತೆ ಮತ್ತು ಅದೇ ಸೂತ್ರಗಳು ಬೇಕು. 2011 ಮತ್ತು 2012ರಲ್ಲಿ ಬಂದ ಎರಡು ಪ್ರಸಿದ್ಧ ಉಷ್ಣವಲಯ ನಕ್ಷೆಗಳು ಅನೇಕ ಪ್ರದೇಶಗಳಲ್ಲಿ ಒಂದಕ್ಕೊಂದು ಹೊಂದಿಕೆಯಾಗಲಿಲ್ಲ. 2025ರಲ್ಲಿ ಯುರೋಪಿನ 'ಬಯೋಮಾಸ್' ಉಪಗ್ರಹವೂ, ಶ್ರೀಹರಿಕೋಟಾದಿಂದ ಇಸ್ರೋ-ನಾಸಾ ಜಂಟಿಯಾಗಿ ಕಳುಹಿಸಿದ 'ನಿಸಾರ್' ಕೂಡ ಕಕ್ಷೆ ಸೇರಿವೆ. ಇವುಗಳಿಂದ ಲೆಕ್ಕ ಉತ್ತಮವಾಗಬಹುದು. ಆದರೂ ಕೊಡಗಿನ ಉಪ್ಪಂಗಳದಂತಹ ಕಾಡುಗಳಲ್ಲಿ ವರ್ಷಗಟ್ಟಲೆ ಮರ ಅಳೆಯುವವರ ಕೆಲಸ ಮುಗಿಯುವುದಿಲ್ಲ.

ಯಾರಿಗೆ ನಷ್ಟ?

ಅಂಕೆ ನಿಜಕ್ಕಿಂತ ಹೆಚ್ಚಾದರೆ, ಇಲ್ಲದ ಇಂಗಾಲದ ಹೆಸರಿನಲ್ಲಿ ಬೇರೆಲ್ಲೋ ಕಾರ್ಖಾನೆಯ ಹೊಗೆಗೆ ಒಪ್ಪಿಗೆ ಸಿಕ್ಕಂತಾಗುತ್ತದೆ. ಕಡಿಮೆಯಾದರೆ, ಕಾಡನ್ನು ಕಾಯುತ್ತಾ ಬಂದ ಜನರಿಗೆ ಸಲ್ಲಬೇಕಾದ ಪಾಲು ತಪ್ಪುತ್ತದೆ. ಆದುದರಿಂದ 'ಹೆಚ್ಚು ಅಥವಾ ಕಡಿಮೆ' ಎಂಬ ಮಾತನ್ನು ವಿಜ್ಞಾನದ ದೌರ್ಬಲ್ಯವೆಂದು ತಿಳಿಯಬಾರದು. ಅದು ಲೆಕ್ಕದ ಪ್ರಾಮಾಣಿಕತೆ. ಅಂಕೆ ಅನಿಶ್ಚಿತವೆಂದ ಮಾತ್ರಕ್ಕೆ ಕಾಡಿನ ಬೆಲೆ ಅನಿಶ್ಚಿತವಾಗುವುದೂ ಇಲ್ಲ. ಕನಿಷ್ಠ ಅಂಕೆಯನ್ನು ಹಿಡಿದರೂ ಪನಾಮಾದ ಆ ಕಾಡಿನ ಒಂದೊಂದು ಹೆಕ್ಟೇರಿನಲ್ಲಿ 120 ಟನ್ನಿಗೂ ಹೆಚ್ಚು ಇಂಗಾಲ ಇದೆ.

ನಮ್ಮ ಧರ್ಮಕೇಂದ್ರಗಳಲ್ಲಿ ಗಿಡ ನೆಟ್ಟು, ಇಷ್ಟು ಟನ್ ಇಂಗಾಲ ಉಳಿಸಿದೆವು ಎಂದು ವರದಿ ಬರೆಯುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಅಳೆದದ್ದು ಏನು? ಬಳಸಿದ ಸೂತ್ರ ಯಾವುದು? ಎಷ್ಟು ಆಚೀಚೆ ಆಗಬಹುದು? ಉತ್ತರ ಇಲ್ಲದಿದ್ದರೆ, ನೆಟ್ಟ ಗಿಡಗಳೆಷ್ಟು, ಬದುಕಿದವು ಎಷ್ಟು ಎಂದು ಬರೆದರೆ ಸಾಕು. ಅದನ್ನಾದರೂ ನಾವೇ ಎಣಿಸಬಹುದು.