ಪಂಕ್ತಿಭೇದವನ್ನು ಒಪ್ಪದ ಅಪೊಸ್ತಲ

ಸಿರಿಯ ದೇಶದ ಅಂತಿಯೋಕ್ಯ ಪಟ್ಟಣದಲ್ಲಿ, ಕ್ರಿಸ್ತಶಕ ಮೊದಲನೆಯ ಶತಮಾನದ ನಡುಗಾಲಕ್ಕೆ ಸಮೀಪವಾಗಿ, ಊಟದ ವಿಷಯದಲ್ಲಿ ಒಂದು ಜಗಳ ನಡೆಯಿತು. ಯೇಸುವಿನ ಶಿಷ್ಯರಲ್ಲಿ ಅಗ್ರಗಣ್ಯನಾದ ಪೇತ್ರನು ಆ ಊರಿಗೆ ಬಂದು, ಯೆಹೂದ್ಯರಲ್ಲದ ವಿಶ್ವಾಸಿಗಳೊಡನೆ ಸಂಕೋಚವಿಲ್ಲದೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದವನು, ಯೆರೂಸಲೇಮಿನಿಂದ, ಅಲ್ಲಿಯ ಸಭೆಯ ಹಿರಿಯನಾದ ಯಾಕೋಬನ ಕಡೆಯವರು ಬಂದೊಡನೆ ಅಳುಕಿ ಹಿಂದೆಗೆದನು. ಅವನನ್ನು ನೋಡಿ ಉಳಿದ ಯೆಹೂದ್ಯರೂ, ಕಡೆಗೆ ಅಪೊಸ್ತಲ ಪೌಲನ ಆಪ್ತಸಹಚರನಾದ ಬಾರ್ನಬನೂ ಅದೇ ದಾರಿಯನ್ನು ಹಿಡಿದರು. ಪೌಲನು ಪೇತ್ರನನ್ನು ಎಲ್ಲರೆದುರಿಗೆ ಮುಖಾಮುಖಿಯಾಗಿ ಖಂಡಿಸಿದನು.

ಪೇತ್ರನನ್ನು ಹಗುರವಾಗಿ ಕಾಣಲಾಗದು. ಯೆಹೂದ್ಯರಿಗೆ ಆಹಾರದ ವಿಧಿಗಳು ಬರಿಯ ಮಡಿಯ ಮಾತಾಗಿರಲಿಲ್ಲ. ಪರರಾಜರ ಆಳ್ವಿಕೆಯಲ್ಲಿ ಚದರಿಹೋಗಬಹುದಾಗಿದ್ದ ಜನಾಂಗವೊಂದನ್ನು ಒಂದಾಗಿ ಹಿಡಿದಿಟ್ಟಿದ್ದ ಆ ನಿಯಮಗಳಿಗಾಗಿ ಅವರ ಪೂರ್ವಿಕರು ಪ್ರಾಣವನ್ನೇ ತೆತ್ತಿದ್ದರು. ಪೌಲನೂ ಅದೇ ಸಂಪ್ರದಾಯದಲ್ಲಿ ಬೆಳೆದವನು. ಕಿಲಿಕ್ಯ ಪ್ರಾಂತದ ತಾರ್ಸದಲ್ಲಿ, ಎಂದರೆ ಇಂದಿನ ತುರ್ಕಿಯ ದಕ್ಷಿಣ ಭಾಗದಲ್ಲಿ ಹುಟ್ಟಿ, ಫರಿಸಾಯರ ಕಟ್ಟುನಿಟ್ಟಿನ ಪಂಥಕ್ಕೆ ಸೇರಿ, ಯೇಸುವನ್ನು ಕ್ರಿಸ್ತನೆಂದು ಸಾರುವವರನ್ನು ಹಿಂಸಿಸುವುದನ್ನೇ ದೈವಸೇವೆಯೆಂದು ಬಗೆದಿದ್ದ ಅವನ ಬಾಳು ದಮಸ್ಕದ ಸಮೀಪದಲ್ಲಿ ಕ್ರಿಸ್ತನ ದರ್ಶನದಿಂದ ತಿರುಗಿತು. ‘ಅಪೊಸ್ತಲರ ಕೃತ್ಯಗಳು’ ಎಂಬ ಗ್ರಂಥವು ಆ ಪ್ರಸಂಗವನ್ನು ಮೂರು ಬಾರಿ ವಿಸ್ತರಿಸಿ ಹೇಳುತ್ತದೆ. ಪೌಲನಾದರೋ ತನಗೂ ಕ್ರಿಸ್ತನ ದರ್ಶನವಾಯಿತೆಂದು ಕೆಲವೇ ಮಾತುಗಳಲ್ಲಿ ತಿಳಿಸಿ ಮುಂದೆ ಸಾಗುತ್ತಾನೆ.

ಅವನನ್ನು ಅರಿಯಲು ಮುಖ್ಯವಾದ ಆಧಾರವೆಂದರೆ ಅವನ ಪತ್ರಗಳೇ. ಹೊಸ ಒಡಂಬಡಿಕೆಯಲ್ಲಿ ಅವನ ಹೆಸರಿನ 13 ಪತ್ರಗಳಿದ್ದು, ಅವುಗಳಲ್ಲಿ 7 ನಿಸ್ಸಂಶಯವಾಗಿ ಅವನವೇ ಎಂದು ವಿದ್ವಾಂಸರು ಒಪ್ಪುತ್ತಾರೆ, ಬಹುಮಟ್ಟಿಗೆ ಕ್ರಿ.ಶ. 50ರಿಂದ ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ರಚಿತವಾದ ಇವು ನಾಲ್ಕು ಸುವಾರ್ತೆಗಳಿಗಿಂತಲೂ ಹಳೆಯವು. ಶಾಸ್ತ್ರಗ್ರಂಥಗಳಾಗಲೆಂದು ಇವು ಹುಟ್ಟಲಿಲ್ಲ. ಯಾರದೋ ಮನೆಯಲ್ಲಿ ಕೂಡುತ್ತಿದ್ದ ಸಣ್ಣ ಸಣ್ಣ ಸಭೆಗಳ ಸಂದೇಹಗಳಿಗೂ ತಕರಾರುಗಳಿಗೂ ಉತ್ತರವಾಗಿ ಹುಟ್ಟಿದವು. ಅಂತಿಯೋಕ್ಯದ ಜಗಳವನ್ನು ಗಲಾತ್ಯದವರಿಗೆ ವಿವರಿಸುತ್ತಿರುವಾಗಲೇ, ಮನುಷ್ಯನು ದೇವರ ಮುಂದೆ ನೀತಿವಂತನಾಗಿ ನಿಲ್ಲುವುದು ಧರ್ಮಶಾಸ್ತ್ರದ ಆಚರಣೆಯಿಂದಲ್ಲ, ಕ್ರಿಸ್ತನಲ್ಲಿಡುವ ನಂಬಿಕೆಯಿಂದ ಎಂಬ ತನ್ನ ಮಹಾಸಿದ್ಧಾಂತವನ್ನು ಪೌಲನು ಪ್ರತಿಪಾದಿಸತೊಡಗುತ್ತಾನೆ. ಹದಿನೈದು ಶತಮಾನಗಳ ತರುವಾಯ ಧರ್ಮಸುಧಾರಕ ಲೂಥರನ ಕೈಯಲ್ಲಿ ಯೂರೋಪನ್ನೇ ಕಲಕಿದ ಈ ತತ್ತ್ವವು, ಯಾರು ಯಾರೊಡನೆ ಕುಳಿತು ಉಣ್ಣಬಹುದೆಂಬ ಪ್ರಶ್ನೆಯ ಬೆನ್ನಿಗೇ ಬಂದುದೆಂಬುದನ್ನು ಮರೆತವರಿಗೆ ಪೌಲನು ಒಣತಾರ್ಕಿಕನಾಗಿ ಕಾಣುತ್ತಾನೆ, ಅವನು ಹಾಗಿರಲಿಲ್ಲ.

ಕೊರಿಂಥ ಪಟ್ಟಣದಲ್ಲಿ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ತಲೆಯೆತ್ತಿತು. ಅಲ್ಲಿ ಅವನಿದ್ದ ಕಾಲವನ್ನು ಸಾಕಷ್ಟು ನಿಖರವಾಗಿ ಗೊತ್ತುಮಾಡಬಹುದು. ಏಕೆಂದರೆ ಅವನ ಮೇಲೆ ಬಂದ ದೂರನ್ನು ತಳ್ಳಿಹಾಕಿದ ಗಲ್ಲಿಯೋನನೆಂಬ ರೋಮನ್ ಅಧಿಪತಿಯ ಹೆಸರು ಡೆಲ್ಫಿಯ ಶಿಲಾಶಾಸನವೊಂದರಲ್ಲಿ ದೊರೆತು, ಅವನ ಅಧಿಕಾರವು 51–52ರ ಸುಮಾರಿನದೆಂದು ತಿಳಿದುಬಂದಿದೆ. ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಗಳೊಡನೆ ಗುಡಾರ ಮಾಡುವ ಕಸುಬನ್ನು ನಡೆಸುತ್ತ, ಕೊರಿಂಥದವರಿಗೆ ಹೊರೆಯಾಗದೆ, ಒಂದೂವರೆ ವರ್ಷ ಅವನು ಅಲ್ಲಿ ಬೋಧಿಸಿದನು. ಅವನು ಊರು ಬಿಟ್ಟ ಮೇಲೆ, ಪ್ರಭುವಿನ ಭೋಜನಕ್ಕೆಂದು ಕೂಡಿದ ಸಭೆಯಲ್ಲಿ ಉಳ್ಳವರು ತಾವು ತಂದುದನ್ನು ತಾವೇ ಮೊದಲು ಉಂಡು ಕುಡಿದು ಮತ್ತರಾಗುತ್ತಿದ್ದರು. ಇಲ್ಲದವರು ಹಸಿದೇ ಇರುತ್ತಿದ್ದರು. ಪೌಲನು ಇದನ್ನು ಶಿಷ್ಟಾಚಾರದ ಲೋಪವೆಂದಷ್ಟೇ ಎಣಿಸದೆ, ಹಾಗೆ ಉಂಡದ್ದು ಪ್ರಭುವಿನ ಭೋಜನವೇ ಅಲ್ಲವೆಂದು ಕಟುವಾಗಿ ಬರೆದನು. ಯೇಸು ಕೊನೆಯ ರಾತ್ರಿ ರೊಟ್ಟಿಯನ್ನು ಮುರಿದು ಕೊಟ್ಟ ವೃತ್ತಾಂತದ ಅತ್ಯಂತ ಪ್ರಾಚೀನವಾದ ಬರಹವು ನಮಗೆ ಉಳಿದಿರುವುದು ಈ ಗದರಿಕೆಯ ನಡುವೆಯೇ. ಇಂದು ವಿವಾಹಗಳಲ್ಲಿ ಪಠಿಸುವ ಪ್ರೀತಿಯ ಅಧ್ಯಾಯವೂ ಅದೇ ಪತ್ರದ್ದು. ಪಕ್ಷಕಟ್ಟಿ ಕಾದಾಡುತ್ತಿದ್ದ ಅದೇ ಜನರಿಗೆ ಬರೆದದ್ದು.

ವಿಗ್ರಹಗಳಿಗೆ ಅರ್ಪಿತವಾದ ಮಾಂಸವನ್ನು ತಿನ್ನಬಹುದೇ ಎಂದೂ ಅವರು ಕೇಳಿದ್ದರು. ತಿಳಿದವನಿಗೆ ಅದರಿಂದ ದೋಷವಿಲ್ಲವೆಂದು ಒಪ್ಪಿಯೂ, ತನ್ನ ಊಟದಿಂದ ದುರ್ಬಲ ಮನಸ್ಸಿನ ಸೋದರನೊಬ್ಬನು ಎಡವುವುದಾದರೆ ತಾನು ಮಾಂಸವನ್ನೇ ಬಿಡುವೆನೆಂದು ಪೌಲನು ಉತ್ತರಿಸಿದನು. ಸ್ವಾತಂತ್ರ್ಯಕ್ಕಾಗಿ ಪೇತ್ರನನ್ನೇ ಎದುರಿಸಿದವನು ಆ ಸ್ವಾತಂತ್ರ್ಯವನ್ನು ದುರ್ಬಲನೊಬ್ಬನಿಗಾಗಿ ತೊರೆಯಲು ಸಿದ್ಧನಾದನೆಂಬಲ್ಲಿ ನನಗೆ ಅವನ ಹಿರಿಮೆ ಎಲ್ಲಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಆದರೆ ಅವನು ಮುಟ್ಟದೆ ಬಿಟ್ಟ ಭೇದವೂ ಉಂಟು. ಒನೇಸಿಮನೆಂಬ ದಾಸನನ್ನು ಯಜಮಾನನಾದ ಫಿಲೆಮೋನನಲ್ಲಿಗೆ ಕಳುಹುತ್ತ, ಅವನನ್ನು ಸೋದರನಂತೆ ಬರಮಾಡಿಕೊಳ್ಳಬೇಕೆಂದು ಬೇಡಿದನಲ್ಲದೆ, ದಾಸ್ಯಪದ್ಧತಿಯೇ ಅಧರ್ಮವೆಂದು ಎಲ್ಲಿಯೂ ಸಾರಲಿಲ್ಲ. ಕಾಲಧರ್ಮವೆಂದು ಹೇಳಿ ಇದನ್ನು ಮರೆಸುವುದು ನ್ಯಾಯವಲ್ಲ. ಮುಂದೆ ದಾಸರ ಒಡೆಯರು ಅವನ ಹೆಸರನ್ನೇ ತಮಗೆ ಆಧಾರವಾಗಿ ಹಿಡಿದರು.

ಕೊನೆಗೆ ಪೌಲನು ಮಕೆದೋನ್ಯ, ಅಖಾಯ ಮೊದಲಾದ ಪ್ರಾಂತಗಳ ಸಭೆಗಳಿಂದ ಹಣ ಕೂಡಿಸಿ, ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಒಪ್ಪಿಸಲು ಸ್ವತಃ ಹೊರಟನು. ಅಲ್ಲಿ ತನಗೆ ಅಪಾಯವಾದೀತೆಂದೂ, ಅನ್ಯಜನರ ಆ ಕಾಣಿಕೆ ಅವರಿಗೆ ಸಮ್ಮತವಾಗುವುದೋ ಇಲ್ಲವೋ ಎಂದೂ ಅವನು ಕಳವಳಗೊಂಡಿದ್ದುದು ರೋಮಾಪುರದವರಿಗೆ ಬರೆದ ಪತ್ರದಿಂದ ತಿಳಿಯುತ್ತದೆ. ಅಪಾಯವು ಬಂದದ್ದು, ಎಫೆಸದ ತ್ರೊಫಿಮನೆಂಬ ಅನ್ಯಜನನನ್ನು ದೇವಾಲಯದ ಒಳಕ್ಕೆ ಕರೆತಂದನೆಂಬ ಅಪವಾದದಿಂದ. ಅನ್ಯಜನರು ದೇವಾಲಯದ ಒಳ ಅಂಗಳದ ತಡೆಗೋಡೆಯನ್ನು ದಾಟಿದರೆ ಮರಣವನ್ನು ತಾವೇ ತಂದುಕೊಂಡಂತೆಂದು ಎಚ್ಚರಿಸುವ ಗ್ರೀಕ್ ಶಾಸನದ ಕಲ್ಲು 1871ರಲ್ಲಿ ಯೆರೂಸಲೇಮಿನಲ್ಲಿ ದೊರೆತಿದೆ. ಸೆರೆಯಾದ ಪೌಲನು ಕೈಸರಿಯದಲ್ಲಿ ಎರಡು ವರ್ಷ ಬಂದಿಯಾಗಿದ್ದು, ಚಕ್ರವರ್ತಿಯ ನ್ಯಾಯಾಸನಕ್ಕೆ ಮೊರೆಹೊಕ್ಕು, ದಾರಿಯಲ್ಲಿ ಹಡಗು ಒಡೆದು ಮಾಲ್ಟಾ ದ್ವೀಪವನ್ನು ಸೇರಿ, ಅಲ್ಲಿಂದ ರೋಮನ್ನು ತಲಪಿದನು. ಅಲ್ಲಿಯೂ ಎರಡು ವರ್ಷ ಬಾಡಿಗೆಯ ಮನೆಯಲ್ಲಿ ಕಾವಲಿನಲ್ಲಿದ್ದುಕೊಂಡೇ, ಬಂದವರೆಲ್ಲರಿಗೂ ಬೋಧಿಸಿದನೆಂದು ತಿಳಿಸಿ ‘ಅಪೊಸ್ತಲರ ಕೃತ್ಯಗಳು’ ಗ್ರಂಥವು ಮುಗಿಯುತ್ತದೆ. ನೀರೋ ಚಕ್ರವರ್ತಿಯ ಕಾಲದಲ್ಲಿ ಅವನ ಶಿರಚ್ಛೇದವಾಯಿತೆಂಬುದು ಕ್ರೈಸ್ತ ಪರಂಪರೆಯ ನಂಬಿಕೆ. ಅವನ ಸಮಾಧಿಯೆಂದು ಆ ಪರಂಪರೆಯು ಪೂಜ್ಯವಾಗಿ ಕಾಣುವ ಸ್ಥಳದ ಮೇಲೆ, ಹಳೆಯ ರೋಮಿನ ಕೋಟೆಯ ಹೊರಗೆ, ಇಂದಿಗೂ ಅವನ ಹೆಸರಿನ ಮಹಾದೇವಾಲಯವಿದೆ.